ಕಂಪ್ಯೂಟರಿಗೆ ಬಾಯಿ ಬಂದ ಕಥೆ

ಕಂಪ್ಯೂಟರಿನ ಚಿತ್ರ ಬರೆಯಿರಿ ಎಂದು ಐದನೆಯ ತರಗತಿಯ ಮಕ್ಕಳಿಗೆ ಹೇಳಿ ನೋಡಿ. ಎಲ್ಲರೂ ಮೊದಲು ಒಂದು ಚೌಕ ಬರೆಯುತ್ತಾರೆ, ಅದು ಪರದೆ. ಅದರ ಕೆಳಗೆ ಕೀಲಿಮಣೆ, ಪಕ್ಕದಲ್ಲಿ ಉದ್ದ ಬಾಲದ ಮೌಸು. ಸ್ಪೀಕರನ್ನು ನೆನಪಿಟ್ಟುಕೊಂಡು ಬರೆಯುವ ಮಗು ಅಪರೂಪ. ಮಕ್ಕಳನ್ನು ದೂರಿ ಫಲವಿಲ್ಲ. ಆ ಯಂತ್ರವನ್ನು ಕಟ್ಟಿದ ದೊಡ್ಡವರೂ ಹಾಗೆಯೇ ಎಣಿಸಿದ್ದರು. ಧ್ವನಿಯೆಂದರೆ ಊಟಕ್ಕೆ ಹಪ್ಪಳವಿದ್ದ ಹಾಗೆ. ಇದ್ದರೆ ಚೆನ್ನ, ಇಲ್ಲದಿದ್ದರೆ ಊಟವೇನೂ ನಿಲ್ಲುವುದಿಲ್ಲ ಎಂಬ ಭಾವನೆ ಬಹಳ ಕಾಲ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಆ ಹಪ್ಪಳವೇ ಅನ್ನವಾಗಿರುವ ಕೆಲವರು ನಮ್ಮ ನಡುವೆಯೇ ಇದ್ದಾರೆ.

ಬಸವೇಶ್ವರನಗರದ ನಮ್ಮ ಮೇಷ್ಟ್ರು ಅಂಥವರಲ್ಲೊಬ್ಬರು. ನಾನು ಬಿ.ಎಡ್. ಮುಗಿಸಿ ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಅವರು ಕನ್ನಡ ಪಾಠ ಹೇಳುತ್ತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷಗಳಾದವು. ಗ್ಲಾಕೋಮ ಎಂಬ ಕಣ್ಣಿನ ಕಾಯಿಲೆ ಕಳ್ಳನ ಹಾಗೆ ಸದ್ದಿಲ್ಲದೆ ಬಂದು, ಮೊದಲು ಅಂಚುಗಳನ್ನೂ ಆಮೇಲೆ ನಡುವನ್ನೂ ಕಸಿದುಕೊಂಡಿತು. ದಿನಕ್ಕೊಂದು ಪುಸ್ತಕ ಮುಗಿಸುತ್ತಿದ್ದ ಮನುಷ್ಯನಿಗೆ 2018ರ ಹೊತ್ತಿಗೆ ಅಕ್ಷರವೇ ಕಾಣದಾಯಿತು. ಹೊರದೇಶದಲ್ಲಿರುವ ಮಗ 2010ರಲ್ಲಿ ಮನೆಯಲ್ಲಿ ಬಿಟ್ಟುಹೋಗಿದ್ದ, ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ ಕಂಪ್ಯೂಟರೊಂದು ಮೂಲೆಯಲ್ಲಿತ್ತು. ಅದರಲ್ಲಿ ಓದಿ ಹೇಳುವ ತಂತ್ರಾಂಶ ಹಾಕಿಸಿದ ಮೇಲೆ ಮೇಷ್ಟ್ರಿಗೆ ಅರ್ಧ ಲೋಕ ಮರಳಿ ಬಂದಂತಾಯಿತು. ಆ ಕಂಪ್ಯೂಟರು ಒಂದು ದಿನ ಮೂಕವಾಯಿತು. ಅದಕ್ಕೆ ಮಾತು ಮರಳಿ ಬಂದ ಬಗೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ, ಮಾತೆಂಬುದು ಆ ಪೆಟ್ಟಿಗೆಗೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ. ಸಮಾಜ ವಿಜ್ಞಾನದ ಟೀಚರಿಗೆ ಯಾವುದನ್ನೂ ಇಸವಿಯಿಲ್ಲದೆ ಹೇಳಿ ಅಭ್ಯಾಸವಿಲ್ಲ, ಓದುಗರು ಸಹಿಸಿಕೊಳ್ಳಬೇಕು.

ಕಂಪ್ಯೂಟರು ಹುಟ್ಟುಮೂಕ. ಅದರ ಮೊದಲ ಸದ್ದುಗಳು ಯಾರ ಸಂತೋಷಕ್ಕೂ ಹುಟ್ಟಿದವಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅಲನ್ ಟ್ಯೂರಿಂಗ್ ಇದ್ದ ಪ್ರಯೋಗಾಲಯದ ಕಂಪ್ಯೂಟರು ಒಂದು ಕೋಣೆಯನ್ನೇ ತುಂಬಿಕೊಂಡಿತ್ತು. ಅದಕ್ಕೊಂದು ಪುಟ್ಟ ಸ್ಪೀಕರು ಕಟ್ಟಿದ್ದರು. ಲೆಕ್ಕ ಮುಗಿಯಿತು, ಅಥವಾ ಎಲ್ಲೋ ಎಡವಟ್ಟಾಯಿತು ಎಂದು ಕೆಲಸದವರಿಗೆ ತಿಳಿಸಲು ಅದು ಒಮ್ಮೆ ಕೂಗಬೇಕಿತ್ತು. ಕಾರ್ಖಾನೆಯ ಸೈರನ್ನಿನ ಹಾಗೆ ಅನ್ನಿ. ಆ ಕೂಗನ್ನೇ ಬೇರೆ ಬೇರೆ ವೇಗದಲ್ಲಿ ಮತ್ತೆ ಮತ್ತೆ ಕೂಗಿಸಿದರೆ ಬೇರೆ ಬೇರೆ ಸ್ವರ ಬರುತ್ತದೆ ಎಂಬುದು ಟ್ಯೂರಿಂಗ್ ಅವರಿಗೆ ಗೊತ್ತಿತ್ತು. ಕ್ರಿಸ್ಟೋಫರ್ ಸ್ಟ್ರೇಚಿ ಎಂಬ ಶಾಲಾ ಉಪಾಧ್ಯಾಯರು, ಹೌದು, ನಮ್ಮ ಹಾಗೆ ಪಾಠ ಹೇಳುತ್ತಿದ್ದವರೇ, ಅದರಿಂದ ತಮ್ಮ ದೇಶದ ರಾಷ್ಟ್ರಗೀತೆಯನ್ನು ನುಡಿಸಿಬಿಟ್ಟರು. 1951ರಲ್ಲಿ ಬಿಬಿಸಿಯವರು ಬಂದು ಆ ಯಂತ್ರದ ಹಾಡುಗಳನ್ನು ಒಂದು ತಟ್ಟೆಯ ಮೇಲೆ ಧ್ವನಿಮುದ್ರಿಸಿಕೊಂಡು ಹೋದರು. ಕಂಪ್ಯೂಟರು ನುಡಿಸಿದ ಸಂಗೀತದ ಧ್ವನಿಮುದ್ರಣಗಳಲ್ಲಿ ಇಂದು ಸಿಕ್ಕಿರುವ ಅತಿ ಹಳೆಯದು ಅದೇ.

ಆದರೆ ಆ ತಟ್ಟೆಯಲ್ಲಿದ್ದ ಸ್ವರಗಳು ನಿಜವಾದ ಸ್ವರಗಳಾಗಿರಲಿಲ್ಲ. 2016ರಲ್ಲಿ ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಜ್ಯಾಕ್ ಕೋಪ್‌ಲ್ಯಾಂಡ್ ಮತ್ತು ಜೇಸನ್ ಲಾಂಗ್ ಎಂಬಿಬ್ಬರು ಅದನ್ನು ಕೇಳಿ, ಇಲ್ಲಿರುವ ಕೆಲವು ಸ್ವರಗಳನ್ನು ಆ ಯಂತ್ರ ಹೊರಡಿಸುವುದೇ ಸಾಧ್ಯವಿರಲಿಲ್ಲವಲ್ಲ ಎಂದು ಲೆಕ್ಕ ಹಾಕಿ ಕಂಡುಕೊಂಡರು. ಎಂದರೆ ಧ್ವನಿಮುದ್ರಿಸುವಾಗ ತಟ್ಟೆ ತಿರುಗಿದ ವೇಗವೇ ತಪ್ಪಿತ್ತು. ಎಷ್ಟು ತಪ್ಪಿತ್ತು ಎಂಬುದನ್ನು ಆ ಅಸಾಧ್ಯ ಸ್ವರಗಳಿಂದಲೇ ತಿಳಿದುಕೊಂಡು, ವೇಗವನ್ನು ಸರಿಪಡಿಸಿ, ಗರಗರ ಸದ್ದನ್ನು ತೆಗೆದು, ಅರವತ್ತೈದು ವರ್ಷದ ಹಿಂದೆ ಆ ಕೋಣೆಯಲ್ಲಿ ಕೇಳಿಸಿದ್ದ ಹಾಡನ್ನು ಹೊರತೆಗೆದರು. ಕಳೆದುಹೋದ ಧ್ವನಿಯನ್ನು ಹುಡುಕುವವರಿಗೆ ಇದರಲ್ಲೊಂದು ಪಾಠವಿದೆ: ಮೊದಲು ಕೇಳಬೇಕಾದ ಪ್ರಶ್ನೆ ಧ್ವನಿ ಹೋಯಿತೇ ಎಂದಲ್ಲ, ಅದು ಬರುವ ದಾರಿಯಲ್ಲಿ ಎಲ್ಲಿ ಕೆಟ್ಟಿದೆ ಎಂದು.

ಹಾಡು ನುಡಿಸುವುದು ಬೇರೆ, ಮಾತಾಡುವುದು ಬೇರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1961ರಲ್ಲಿ ಐಬಿಎಂ ಕಂಪ್ಯೂಟರೊಂದು ಮನುಷ್ಯರ ಹಾಗೆ ಶಬ್ದಗಳನ್ನು ಉಚ್ಚರಿಸಿ ಒಂದು ಹಳೆಯ ಇಂಗ್ಲಿಷ್ ಹಾಡನ್ನು ಹಾಡಿತು. ಆದರೆ ಅದೆಲ್ಲ ಆನೆ ಸಾಕಿದ ಅರಮನೆಯ ಮಾತು. ಮನೆಗಳಿಗೂ ಕಚೇರಿಗಳಿಗೂ ಬಂದ ಕಂಪ್ಯೂಟರಿನ ಮೂಲಪುರುಷ ಎಂದರೆ 1981ರ ಆಗಸ್ಟಿನಲ್ಲಿ ಐಬಿಎಂ ಹೊರತಂದ ಪಿ.ಸಿ. ಅದರ ಹೊಟ್ಟೆಯೊಳಗೆ ಒಂದು ಚಿಕ್ಕ ಸ್ಪೀಕರಿತ್ತು. ಅದಕ್ಕೆ ಬರುತ್ತಿದ್ದುದು ಒಂದೇ ವಿದ್ಯೆ, 'ಬೀಪ್' ಎನ್ನುವುದು. ಯಂತ್ರ ಹಾಕಿದಾಗ ಒಂದು ಬೀಪ್ ಬಂದರೆ ಎಲ್ಲ ನೆಟ್ಟಗಿದೆ ಎಂದರ್ಥ. ಎರಡು ಮೂರು ಬಂದರೆ ಒಳಗೆ ಯಾವುದೋ ಭಾಗಕ್ಕೆ ಹುಷಾರಿಲ್ಲ. ಮ್ಯಾಂಚೆಸ್ಟರಿನ ಆ ಹಳೆಯ ಕೂಗಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಈ ಬೀಪನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನಮ್ಮ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರು ಕಾಲಿಟ್ಟಿದ್ದು 1984-85ರಲ್ಲಿ. ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಹೆಸರಿನ ಯೋಜನೆ ಹಾಕಿ, ಮೊದಲು ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರುಗಳನ್ನು ಕೊಟ್ಟಿತು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿದ್ದ ಏಕಾರ್ನ್ ಎಂಬ ಕಂಪೆನಿ ಅಲ್ಲಿನ ಮಕ್ಕಳಿಗೆಂದು ಮಾಡಿದ ಯಂತ್ರ ಅದು. ಮಕ್ಕಳಿಗೆಂದು ಮಾಡಿದ್ದರಿಂದಲೋ ಏನೋ ಅದಕ್ಕೆ ಬೀಪಿಗಿಂತ ಒಳ್ಳೆಯ ಗಂಟಲಿತ್ತು. ಒಟ್ಟಿಗೆ ಮೂರು ಸ್ವರಗಳನ್ನು ನುಡಿಸಬಲ್ಲ ಚಿಪ್ಪು ಅದರೊಳಗಿತ್ತು. ಆದರೆ ಲಕ್ಷಾಂತರ ಶಾಲೆಗಳ ದೇಶಕ್ಕೆ 250 ಎಷ್ಟರ ಲೆಕ್ಕ! ನನ್ನ ವಯಸ್ಸಿನ ಹೆಚ್ಚಿನವರು ಆ ಯಂತ್ರವನ್ನು ಕಣ್ಣಿನಿಂದಲೂ ನೋಡಲಿಲ್ಲ. ಏಕಾರ್ನ್ ಎಂಬ ಹೆಸರನ್ನೂ ಓದುಗರು ಗಂಟು ಹಾಕಿಟ್ಟುಕೊಳ್ಳಲಿ.

ತೊಂಬತ್ತರ ದಶಕದಲ್ಲಿ ವಿಜಯನಗರ, ರಾಜಾಜಿನಗರಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಬೋರ್ಡಿನ ಮೇಲೆಯೇ ಕಂಪ್ಯೂಟರ್ ಕ್ಲಾಸಿನ ಬೋರ್ಡು ಏರತೊಡಗಿತು. ಕೆಳಗಿನ ಮಹಡಿಯಲ್ಲಿ ಟಕಟಕ ಟೈಪ್‌ರೈಟರು, ಮೇಲಿನ ಮಹಡಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ತಣ್ಣನೆಯ ಕೋಣೆ. ಅಲ್ಲಿ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಕಲಿಸುತ್ತಿದ್ದರು. ಕೆಳಗಿನ ಮಹಡಿಯಷ್ಟು ಸದ್ದು ಮೇಲೆ ಇರಲಿಲ್ಲ. ಕೀಲಿ ತಪ್ಪು ಒತ್ತಿದರೆ ಬರುವ ಬೀಪ್ ಒಂದೇ. ಸಂಬಳದ ಪಟ್ಟಿ ಮಾಡುವ ಯಂತ್ರಕ್ಕೆ ಸಂಗೀತವೇಕೆ ಎಂದು ಅಲ್ಲಿನ ಮೇಷ್ಟ್ರು ಕೇಳಿದರೆ ಅದಕ್ಕೆ ಉತ್ತರವೂ ಇರಲಿಲ್ಲ.

ಆದರೆ ಹೊರಗೆ ಗಾಳಿ ಬದಲಾಗಿತ್ತು. ಕೆನಡಾದ ಕ್ವಿಬೆಕ್ಕಿನ ಆಡ್‌ಲಿಬ್ ಎಂಬ ಕಂಪೆನಿ 1987ರಲ್ಲಿ ಪಿ.ಸಿ.ಗೆ ಸಂಗೀತ ನುಡಿಸುವ ಕಾರ್ಡೊಂದನ್ನು ಮಾಡಿತು. 1989ರಲ್ಲಿ ಸಿಂಗಪುರದ ಸಿಮ್ ವಾಂಗ್ ಹೂ ಎಂಬವರ ಕ್ರಿಯೇಟಿವ್ ಕಂಪೆನಿ 'ಸೌಂಡ್ ಬ್ಲಾಸ್ಟರ್' ಹೊರತಂದಿತು. ಅದು ಸಂಗೀತದ ಜೊತೆಗೆ, ಧ್ವನಿಮುದ್ರಿಸಿದ ಮಾತನ್ನೂ ಹೊರಡಿಸುತ್ತಿತ್ತು. ಹೀಗೆ ಕಂಪ್ಯೂಟರಿನ ಬಾಯಿ ಮೊದಲು ಅದರ ಮೈಯ ಅಂಗವಾಗಿ ಬರಲಿಲ್ಲ. ಬೇಕೆನ್ನುವವರು ಹೆಚ್ಚಿನ ಹಣ ಕೊಟ್ಟು ಸಿಕ್ಕಿಸಿಕೊಳ್ಳುವ ಮೂಗುತಿಯಾಗಿ ಬಂತು. ಸಿಡಿ ಡ್ರೈವು, ಸೌಂಡ್ ಕಾರ್ಡು, ಎರಡು ಸ್ಪೀಕರು ಈ ಮೂರನ್ನೂ ಸೇರಿಸಿ 'ಮಲ್ಟಿಮೀಡಿಯಾ' ಎಂದು ಕರೆದರು. ಆ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕಂಪ್ಯೂಟರು ಕೊಂಡವರ ಮನೆಗೆ ಹೋದರೆ, ಅವರು ಮೊದಲು ಹೇಳುತ್ತಿದ್ದುದು "ಇದು ಮಲ್ಟಿಮೀಡಿಯಾ" ಎಂದು. ಮದುವೆಯ ಹೆಣ್ಣಿಗೆ ಸಂಗೀತ ಬರುತ್ತದೆ ಎಂದು ಹೇಳುವ ಧಾಟಿಯಲ್ಲಿಯೇ ಹೇಳುತ್ತಿದ್ದರು!

ಮೂಗುತಿ ಮೆಲ್ಲಗೆ ಮೂಗೇ ಆಯಿತು. 1997ರಲ್ಲಿ ಇಂಟೆಲ್ ಕಂಪೆನಿ, ಧ್ವನಿಯ ಕೆಲಸವನ್ನು ಕಂಪ್ಯೂಟರಿನ ಮುಖ್ಯ ಹಲಗೆಯ ಮೇಲೆಯೇ ಒಂದು ಅಗ್ಗದ ಚಿಪ್ಪಿಗೆ ಒಪ್ಪಿಸುವ ಕ್ರಮವೊಂದನ್ನು ಗೊತ್ತುಮಾಡಿತು. 2004ರಲ್ಲಿ ಅದನ್ನು ಇನ್ನೂ ಸುಧಾರಿಸಿತು. ಬೇರೆ ಕಾರ್ಡು ಕೊಳ್ಳುವ ಕಾಲ ಮುಗಿಯಿತು. ಹಿಂಬದಿಯ ತೂತುಗಳಿಗೆ ಬಣ್ಣ ಹಚ್ಚುವ ಪದ್ಧತಿಯೂ ಅದೇ ಕಾಲದ್ದು: ಹಸಿರು ತೂತು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನಿಂದ ಬರುವ ಧ್ವನಿಗೆ. ತಂತಿಯ ತುದಿಗೂ ಅದೇ ಬಣ್ಣ. ಅಕ್ಷರ ಬಾರದವರೂ ಜೋಡಿಸಲಿ ಎಂಬ ಒಳ್ಳೆಯ ಉದ್ದೇಶ. ಆದರೆ ಬಣ್ಣವನ್ನೇ ಕಾಣದವರು ಹೇಗೆ ಜೋಡಿಸಬೇಕು ಎಂಬ ಪ್ರಶ್ನೆಗೆ ಆ ಬಣ್ಣಗಳಲ್ಲಿ ಉತ್ತರವಿಲ್ಲ. ಮೂರೂ ತೂತುಗಳ ಅಳತೆ ಒಂದೇ, ಆಕಾರ ಒಂದೇ.

ಇನ್ನು ಕನ್ನಡದ ಮಾತಿಗೆ ಬರೋಣ. ದೃಷ್ಟಿಯಿಲ್ಲದವರಿಗೆ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ 1989ರಲ್ಲಿ 'ಜಾಸ್' ಎಂಬುದನ್ನು ತಂದರು. ಅದು ಒಳ್ಳೆಯದೇ, ಆದರೆ ಬೆಲೆ ನಮ್ಮ ಪಿಂಚಣಿದಾರರ ಕೈಗೆ ಎಟುಕುವಂಥದ್ದಲ್ಲ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ತರುಣ, ತಾನೂ ದೃಷ್ಟಿಯಿಲ್ಲದವನು, ಎನ್.ವಿ.ಡಿ.ಎ. ಎಂಬ ಸ್ಕ್ರೀನ್ ರೀಡರನ್ನು ಬರೆಯತೊಡಗಿದ. ನೋಡುವವರು ಒಂದು ಕಾಸೂ ಹೆಚ್ಚು ಕೊಡದೆ ಪರದೆ ನೋಡುವಾಗ, ಕಾಣದವರು ಮಾತ್ರ ಅದಕ್ಕೆ ಹಣ ತೆರುವುದು ನ್ಯಾಯವೇ ಎಂಬುದು ಆ ಕೆಲಸದ ಹಿಂದಿದ್ದ ಪ್ರಶ್ನೆ. ಜೇಮ್ಸ್ ತೇ ಎಂಬ ಇನ್ನೊಬ್ಬ ದೃಷ್ಟಿಹೀನ ತರುಣನೂ ಜೊತೆಗೂಡಿದ. ಅದನ್ನು ಇಂದಿಗೂ ಉಚಿತವಾಗಿಯೇ ಕೊಡುತ್ತಾರೆ.

ಓದಿ ಹೇಳುವುದಕ್ಕೆ ಒಂದು ಗಂಟಲು ಬೇಕಲ್ಲ? ಅದನ್ನು ಒದಗಿಸಿದ್ದು 'ಈಸ್ಪೀಕ್' ಎಂಬ ಇನ್ನೊಂದು ಉಚಿತ ತಂತ್ರಾಂಶ. ಜೊನಾಥನ್ ಡಡಿಂಗ್‌ಟನ್ ಎಂಬ ಇಂಗ್ಲಿಷಿನವರು 1995ರಲ್ಲಿ ಅದನ್ನು ಬರೆಯಲು ಶುರುಮಾಡಿದ್ದು ಯಾವ ಯಂತ್ರಕ್ಕೆ ಗೊತ್ತೇ? ಏಕಾರ್ನ್ ಕಂಪ್ಯೂಟರಿಗೆ! ನಮ್ಮ ದೇಶದ 250 ಶಾಲೆಗಳಿಗೆ ಬಂದು ಮರೆಯಾದ ಬಿಬಿಸಿ ಮೈಕ್ರೋವಿನ ಮುಂದಿನ ತಲೆಮಾರಿನ ಯಂತ್ರಕ್ಕೆ. ಆ ಕಂಪ್ಯೂಟರುಗಳು ಹೋದವು, ಗಂಟಲು ಉಳಿಯಿತು. ಆ ಗಂಟಲಿಗೆ ಇಂದು ನೂರಕ್ಕೂ ಹೆಚ್ಚು ಭಾಷೆ ಬರುತ್ತದೆ. ಅದರಲ್ಲಿ ಕನ್ನಡವೂ ಒಂದು.

ಈಸ್ಪೀಕಿನ ಕನ್ನಡ ಕೇಳಿದವರು ಮೊದಲು ನಗುತ್ತಾರೆ. ಅದು ಮನುಷ್ಯರ ಧ್ವನಿಯನ್ನು ಹಿಡಿದಿಟ್ಟುಕೊಂಡು ಮಾತಾಡುವುದಲ್ಲ. ಬಾಯಿಯೊಳಗೆ ಗಾಳಿ ಹೇಗೆ ಕಂಪಿಸಿದರೆ 'ಅ', ಹೇಗೆ ಕಂಪಿಸಿದರೆ 'ಇ' ಎಂಬ ನಿಯಮಗಳಿಂದ ಹೆಚ್ಚಿನ ಸದ್ದುಗಳನ್ನು ಆ ಕ್ಷಣದಲ್ಲೇ ಲೆಕ್ಕ ಹಾಕಿ ಹುಟ್ಟಿಸುತ್ತದೆ. ಆದ್ದರಿಂದಲೇ ಡಬ್ಬಿಯೊಳಗಿಂದ ಮಾತಾಡಿದ ಹಾಗಿರುತ್ತದೆ. ಆದ್ದರಿಂದಲೇ ಅದು ಅಂಗೈಯಗಲದ ಜಾಗದಲ್ಲಿ ಹಿಡಿಸುತ್ತದೆ, ಎಷ್ಟು ಹಳೆಯ ಕಂಪ್ಯೂಟರಿನಲ್ಲಾದರೂ ತಡವರಿಸದೆ ಓಡುತ್ತದೆ, ಎಷ್ಟು ವೇಗ ಹೆಚ್ಚಿಸಿದರೂ ಅಕ್ಷರ ನುಂಗುವುದಿಲ್ಲ. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆ ಓದುವುದರಿಂದ ನಿಯಮಕ್ಕೆ ಹೆಚ್ಚು ತಾಪತ್ರಯವೂ ಇಲ್ಲ. "ನೋಡಮ್ಮಾ, ಇವನಿಗೆ ವ್ಯಾಕರಣ ಬರುತ್ತೆ, ಭಾವ ಬರಲ್ಲ. ಪರವಾಗಿಲ್ಲ, ಭಾವ ನಾನೇ ಹಾಕ್ಕೋತೀನಿ" ಎನ್ನುತ್ತಿದ್ದರು ಮೇಷ್ಟ್ರು. ಮೈಸೂರಿನ ಒಂಟಿಕೊಪ್ಪಲಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದಂದಿನಿಂದ ನಮ್ಮ ನಾಡಿಗೆ ಪೆಟ್ಟಿಗೆಯೊಳಗಿನ ಮಾತಿನ ಜೊತೆ ಬದುಕಿ ಅಭ್ಯಾಸವಿದೆ. ರೇಡಿಯೋ ಕೇಳುತ್ತ ಬೆಳೆದ ಮೇಷ್ಟ್ರ ಕಿವಿ ಒಂದು ವಾರದಲ್ಲಿ ಇದಕ್ಕೂ ಹೊಂದಿಕೊಂಡಿತು.

ಈಗ ಆ ಮೂಕ ದಿನಕ್ಕೆ ಬರುತ್ತೇನೆ. 2024ರ ಗೌರಿ ಗಣೇಶ ಹಬ್ಬಕ್ಕೆ ಮುಂಚೆ ಅವರ ಮನೆಗೆ ಬಣ್ಣ ಹೊಡೆಸಿದ್ದರು. ಕಂಪ್ಯೂಟರಿನ ತಂತಿಗಳನ್ನೆಲ್ಲ ಬಿಚ್ಚಿ, ಹಳೆಯ ಸೀರೆ ಹೊದಿಸಿ ಹಜಾರದಲ್ಲಿಟ್ಟಿದ್ದು, ಹಬ್ಬ ಮುಗಿದ ಮೇಲೆ ಮತ್ತೆ ಜೋಡಿಸಿದರು. ಸ್ವಿಚ್ಚು ಹಾಕಿದರೆ ಮಾತಿಲ್ಲ. ಮೇಷ್ಟ್ರು ಮನೆಯವರ ಕೈಯಲ್ಲಿ ನನಗೆ ಫೋನು ಮಾಡಿಸಿದರು. "ಒಳಗೆ ಜೀವ ಇದೆಯಮ್ಮಾ, ಬೀಪ್ ಅಂತು. ಆಮೇಲೆ ಮಾತೇ ಇಲ್ಲ" ಎಂದರು. 1981ರ ಆ ಹಳೆಯ ಬೀಪ್! ಅದು ಬರುವುದು ಪೆಟ್ಟಿಗೆಯೊಳಗಿನ ಬೇರೊಂದು ಪುಟ್ಟ ಸ್ಪೀಕರಿನಿಂದ. ಧ್ವನಿಯ ಚಿಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಹೊಸ ಬಾಯಿ ಕಟ್ಟಿಹೋದಾಗ ಹಳೆಯ ಬಾಯಿ ಬಂದು, ಯಂತ್ರ ಬದುಕಿದೆ ಎಂದು ಹೇಳಿಹೋಗಿತ್ತು.

ಹೊಸದೊಂದು ಕೊಂಡರಾಗದೇ, ಅಥವಾ ಮೊಬೈಲು ಮಾತಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೊಬೈಲೂ ಮಾತಾಡುತ್ತದೆ, ಒಪ್ಪೋಣ. ಆದರೆ ಎಪ್ಪತ್ತು ದಾಟಿದ ಬೆರಳಿಗೆ ಆ ನುಣುಪು ಗಾಜಿನ ಮೇಲೆ ಹಿಡಿತವಿಲ್ಲ. ಕೀಲಿಮಣೆಯಲ್ಲಾದರೆ ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಇರುತ್ತದೆ. ಟೈಪಿಂಗ್ ಪಾಸು ಮಾಡಿದ ಮೇಷ್ಟ್ರ ಬೆರಳು ಅಲ್ಲಿಂದ ಹೊರಟು ಎಲ್ಲಿಗೆ ಬೇಕಾದರೂ ಹೋಗಿ ಬರುತ್ತದೆ. ಯಾವ ಕಡತ ಎಷ್ಟನೆಯದು, ಎಷ್ಟು ಸಲ ಕೆಳಬಾಣ ಒತ್ತಿದರೆ ವಚನಗಳು, ಎಷ್ಟು ಸಲ ಒತ್ತಿದರೆ ದಾಸರ ಪದಗಳು ಎಂಬುದೆಲ್ಲ ಅವರಿಗೆ ಬಾಯಿಪಾಠ. ಕಣ್ಣಿದ್ದವರಿಗೆ ಹದಿನಾಲ್ಕು ವರ್ಷದ ಕಂಪ್ಯೂಟರು ಹಳೆಯ ಸಾಮಾನು. ಕಾಣದವರಿಗೆ ಅದು ನಡೆದು ನಡೆದು ರೂಢಿಯಾದ ಮನೆ. ಕತ್ತಲಲ್ಲಿ ಕಂಬಕ್ಕೆ ಡಿಕ್ಕಿ ಹೊಡೆಯದೆ ಓಡಾಡುವಷ್ಟು ಪರಿಚಯವಾದ ಮನೆಯನ್ನು ಬಣ್ಣ ಮಾಸಿದೆ ಎಂದು ಯಾರಾದರೂ ಕೆಡವುತ್ತಾರೆಯೇ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಜಯನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನನ್ನು ಕರೆದುಕೊಂಡು ಹೋದೆ. ಅವನು ಹೋದ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೊದಲು ಸ್ಪೀಕರನ್ನು ಕಂಪ್ಯೂಟರಿನಿಂದ ಬಿಡಿಸಿ ತನ್ನ ಮೊಬೈಲಿಗೆ ಸಿಕ್ಕಿಸಿದ. ಹಾಡು ಬಂತು. ಎಂದರೆ ಸ್ಪೀಕರಿನಲ್ಲಿ ಕುಂದಿಲ್ಲ. ಆಮೇಲೆ ಹಿಂಬದಿ ನೋಡಿದ. ತಂತಿ ಹಸಿರು ತೂತಿನ ಬದಲು ಗುಲಾಬಿಗೆ ಹೋಗಿತ್ತು. ಸರಿಯಾದ ತೂತಿಗೆ ಹಾಕಿದ, ಆದರೂ ಮಾತಿಲ್ಲ. ಪರದೆಯ ಬಲಮೂಲೆಯಲ್ಲಿ ಸ್ಪೀಕರಿನ ಪುಟ್ಟ ಚಿತ್ರದ ಮೇಲೆ ಕೆಂಪು ಕಾಟು ಬಿದ್ದಿತ್ತು. ಅದರ ಮೇಲೆ ಬಾಣ ಇಟ್ಟರೆ, ಧ್ವನಿಯ ಸಾಧನವೇ ಇಲ್ಲ ಎಂದು ಬರೆದು ತೋರಿಸುತ್ತಿತ್ತು. ಬರೆದು ತೋರಿಸುತ್ತಿತ್ತು! ನನಗೆ ಬಾಯಿಲ್ಲ ಎಂಬುದನ್ನು ಆ ಯಂತ್ರ ಕಣ್ಣಿದ್ದವರಿಗೆ ಮಾತ್ರ ಹೇಳಬಲ್ಲದು. ಯಾರಿಗೆ ಅದು ಮೊದಲು ತಿಳಿಯಬೇಕೋ ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಮುಂದಿನದು ಚಾಲಕ ತಂತ್ರಾಂಶ, ಅವರ ಭಾಷೆಯಲ್ಲಿ ಡ್ರೈವರು. ಚಿಪ್ಪಿನ ಮಾತನ್ನು ವಿಂಡೋಸಿಗೂ, ವಿಂಡೋಸಿನ ಮಾತನ್ನು ಚಿಪ್ಪಿಗೂ ತಿಳಿಸುವ ದುಭಾಷಿ ಅದು. ಅದನ್ನು ತೆಗೆದು ಮತ್ತೆ ಹಾಕಿದ. ಪ್ರಯೋಜನವಾಗಲಿಲ್ಲ. ಹಲಗೆಯ ಮೇಲಿನ ಪುಟ್ಟ ಬ್ಯಾಟರಿ ಸತ್ತರೆ ಕೆಲವು ಯಂತ್ರಗಳ ಮೂಲ ಗೊತ್ತುವಳಿಗಳು ಬದಲಾಗಿಬಿಡುತ್ತವಂತೆ, ಅದನ್ನೂ ನೋಡಿದ. ಅಲ್ಲಿ ಧ್ವನಿಯ ಚಿಪ್ಪಿಗೆ ಅನುಮತಿ ಇದ್ದೇ ಇತ್ತು. ಕೊನೆಗೆ ಮುಚ್ಚಳ ಬಿಚ್ಚಿದ. ಎರಡು ಸಾವಿರದ ಆಸುಪಾಸಿನ ಕೆಲವು ವರ್ಷಗಳಲ್ಲಿ ತಯಾರಾದ ಎಷ್ಟೋ ಹಲಗೆಗಳಲ್ಲಿ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳು ಒಳಗಿನ ದ್ರಾವಣ ಕೆಟ್ಟು ಉಬ್ಬಿ ಒಡೆಯುತ್ತಿದ್ದವಂತೆ. ಜಗತ್ತಿನಾದ್ಯಂತ ಹಬ್ಬಿದ ಪಿಡುಗು ಅದು. ಇದರಲ್ಲಿ ಅವು ನೆಟ್ಟಗಿದ್ದವು. "ಮಿಸ್, ಚಿಪ್ಪೇ ಹೋಗಿದೆ. ಬೆಸುಗೆ ಹಾಕಿ ಬದಲಾಯಿಸಬಹುದು. ಆದರೆ ಹಳೇ ಬೋರ್ಡು, ಬಿಸಿ ತಾಗಿ ಉಳಿದಿದ್ದೂ ಹೋದರೆ ಕಷ್ಟ" ಎಂದ. ಮೇಷ್ಟ್ರ ಮುಖ ಸಣ್ಣದಾಯಿತು. "ಹಾಗಾದ್ರೆ ಮುಗೀತಾ ಮರಿ?" ಎಂದರು. "ಇಲ್ಲ ಸಾರ್, ಒಳಗಿನ ಬಾಯಿ ಹೋದರೆ ಹೊರಗಿನಿಂದ ಒಂದು ಹಾಕೋಣ" ಎಂದ ಹುಡುಗ.

ಯು.ಎಸ್.ಬಿ. ಸೌಂಡ್ ಅಡಾಪ್ಟರ್ ಎಂಬ ಹೆಬ್ಬೆರಳಿನಷ್ಟು ವಸ್ತು ಸಿಗುತ್ತದೆ. ಪೆನ್‌ಡ್ರೈವಿನ ತೂತಿಗೆ ಸಿಕ್ಕಿಸಿದರೆ ಅದೇ ಒಂದು ಸೌಂಡ್ ಕಾರ್ಡು. ಅಂಥ ಸಾಧನಗಳೆಲ್ಲ ಒಂದೇ ಗೊತ್ತಾದ ಕ್ರಮದಲ್ಲಿ ಮಾತಾಡಬೇಕೆಂಬ ಒಪ್ಪಂದ ಇರುವುದರಿಂದ, ಅದಕ್ಕೆ ಬೇರೆ ದುಭಾಷಿಯನ್ನು ಹುಡುಕಬೇಕಿಲ್ಲ. ವಿಂಡೋಸಿನೊಳಗೇ ಒಬ್ಬ ಇರುತ್ತಾನೆ. ಮಾರನೆಯ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಚಿಕ್ಕಪೇಟೆಯಲ್ಲಿಳಿದು ಸಾದರ ಪತ್ರಪ್ಪ ರಸ್ತೆಗೆ ಹೋದೆ. ಎಸ್.ಪಿ. ರಸ್ತೆ ಎಂದರೆ ಎಲ್ಲರಿಗೂ ಗೊತ್ತು. ಹಳೆಯ ಕಂಪ್ಯೂಟರಿನ ಹಲ್ಲು, ಉಗುರು, ನರ, ಎಲುಬು ಎಲ್ಲವೂ ಬಿಡಿಬಿಡಿಯಾಗಿ ಸಿಗುವ ಬೀದಿ ಅದು. ಇನ್ನೂರೈವತ್ತು ರೂಪಾಯಿಗೆ ಅಡಾಪ್ಟರು ಕೊಟ್ಟರು.

ಅದನ್ನು ಸಿಕ್ಕಿಸಿ, ಸ್ಪೀಕರಿನ ತಂತಿಯನ್ನು ಅದಕ್ಕೇ ಹಾಕಿ, ಇನ್ನು ಮುಂದೆ ಇದೇ ಮುಖ್ಯ ಸಾಧನ ಎಂದು ಹುಡುಗ ಗೊತ್ತುಮಾಡಿದ. ಕಂಟ್ರೋಲ್, ಆಲ್ಟ್, ಎನ್ ಮೂರನ್ನೂ ಮೇಷ್ಟ್ರೇ ಒತ್ತಿದರು. ಡಬ್ಬಿಯೊಳಗಿನ ಆ ಒಣ ಗಂಟಲು ಮಾತಾಡಿತು. ಮೇಷ್ಟ್ರು ಏನೂ ಹೇಳಲಿಲ್ಲ. ಕೆಳಬಾಣವನ್ನು ಎಣಿಸಿ ಎಣಿಸಿ ಒತ್ತಿ, ಹಬ್ಬಕ್ಕೆ ಮುಂಚೆ ನಿಲ್ಲಿಸಿದ್ದ ಕಡೆಯಿಂದ ಓದು ಮುಂದುವರಿಸಿದರು. ಅವರ ಮನೆಯವರು ಒಳಗಿನಿಂದ, "ಸದ್ಯ, ಇನ್ನು ನನ್ನ ಕೈಲಿ ಪೇಪರ್ ಓದಿಸೋದು ತಪ್ಪಿತು" ಎಂದು ಕಾಫಿ ತಂದರು. ಬೇರೆ ಕಾರ್ಡಾಗಿ ಹುಟ್ಟಿ, ಹಲಗೆಯೊಳಗೆ ಸೇರಿಹೋಗಿದ್ದ ಧ್ವನಿ ಮೂವತ್ತೈದು ವರ್ಷದ ಮೇಲೆ ಮತ್ತೆ ಹೊರಗೆ ಬಂದು ಕೂತಿತ್ತು.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಯಾವ ಅಡಾಪ್ಟರಿನಿಂದಲೂ ಗುಣವಾಗದ ಇನ್ನೊಂದು ಮೂಕತನ ನಮ್ಮ ಕನ್ನಡದಲ್ಲಿದೆ. ಮಾತು ಮರಳಿ ಬಂದ ಖುಷಿಯಲ್ಲಿ ಮೇಷ್ಟ್ರು ನನ್ನನ್ನೊಂದು ಕೇಳಿದರು. ಅವರ ಸಂಪಾದಕತ್ವದಲ್ಲಿ ಬಂದ ಶಾಲೆಯ ವಾರ್ಷಿಕ ಸಂಚಿಕೆಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಸಿದ ಕಡತಗಳು ನನ್ನ ಬಳಿ ಇದ್ದವು, ಅವನ್ನು ಕೇಳಬೇಕೆಂದರು. ಪೆನ್‌ಡ್ರೈವಿನಲ್ಲಿ ತಂದುಕೊಟ್ಟೆ. ಪರದೆಯ ಮೇಲೆ ಮುದ್ದಾದ ಕನ್ನಡ ಅಕ್ಷರ. ಆದರೆ ಗಂಟಲಿನಿಂದ ಬಂದದ್ದು ಇಂಗ್ಲಿಷಿನ ಚೂರುಗಳು, ನಡುನಡುವೆ "ಪೌಂಡ್, ಪೌಂಡ್" ಎಂಬ ಶಬ್ದ. "ಇದೇನಮ್ಮಾ, ನಮ್ಮ ಮಕ್ಕಳ ಪದ್ಯದಲ್ಲಿ ಇಂಗ್ಲೆಂಡಿನ ದುಡ್ಡು?" ಎಂದರು ಮೇಷ್ಟ್ರು.

ಕಾರಣ ಹೀಗೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಖಾಯಂ ಸಂಖ್ಯ�ೆ ಕೊಡುವ ಯೂನಿಕೋಡ್ ಎಂಬ ಕ್ರಮ 1991ರಲ್ಲೇ ಬಂತು, ಅದರಲ್ಲಿ ಕನ್ನಡಕ್ಕೂ ಜಾಗವಿತ್ತು. ಆದರೆ ಅದು ನಮ್ಮ ಮೇಜಿನವರೆಗೆ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಕಾಯದೆ ನಮ್ಮವರು ದಾರಿ ಮಾಡಿಕೊಂಡರು. ಕೆ.ಪಿ. ರಾವ್ ಅವರು ಕನ್ನಡಕ್ಕೊಪ್ಪುವ ಕೀಲಿಮಣೆಯ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಅವರಿಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ, ಅಚ್ಚುಕೂಟಗಳಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಆದರೆ ಆ ಕಾಲದ ಫಾಂಟುಗಳ ಉಪಾಯ ಏನೆಂದರೆ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುವುದು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಹಳೆಯ ನುಡಿಯಲ್ಲಿ ಟೈಪು ಮಾಡಿದರೆ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನಿಯ ಒಂದು ಅಕ್ಷರ, ಇಂಗ್ಲಿಷಿನ ಕ್ಯೂ, ಮತ್ತೆ ಗೀಟಿನ ಎ. ಮೇಲೆ ಕನ್ನಡದ ವೇಷ. ವೇಷ ನೋಡುವ ನಮಗೆ ಅದು ಕನ್ನಡ. ವೇಷ ಕಾಣದೆ ಒಳಗಿನದನ್ನೇ ಓದುವ ಗಂಟಲಿಗೆ ಅದು ಪೌಂಡು.

ನಾವು ಹೀಗೆ ಬರೆದಿಟ್ಟಿರುವುದೆಷ್ಟು! ಪುಸ್ತಕಗಳು, ಸುತ್ತೋಲೆಗಳು, ಪ್ರಶ್ನೆಪತ್ರಿಕೆಗಳು, ಸ್ಮರಣ ಸಂಚಿಕೆಗಳು. ಕಣ್ಣಿಗೆ ಎಲ್ಲವೂ ಇವೆ, ಕಿವಿಗೆ ಒಂದೂ ಇಲ್ಲ. ಸಮಾಧಾನವೆಂದರೆ ಇಲ್ಲಿಯೂ ಧ್ವನಿ ಸತ್ತಿಲ್ಲ, ದಾರಿ ತಪ್ಪಿದೆ ಅಷ್ಟೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಲ್ಲೊಂದು ಇಲ್ಲೊಂದು ಒತ್ತು, ಅರ್ಕಾವೊತ್ತು ಹೆಚ್ಚುಕಡಿಮೆಯಾಗುತ್ತದೆ, ಕೂತು ತಿದ್ದಬೇಕು. ಪತ್ರಿಕೆ ತಿದ್ದಿ ಅಭ್ಯಾಸವಿರುವ ನಮ್ಮಂಥವರಿಗೆ ಅದೇನು ದೊಡ್ಡ ಕೆಲಸವಲ್ಲ.

ಈ ಪುಸ್ತಕ ಹಿಡಿದಿರುವವರಲ್ಲಿ ಶಾಲೆಯವರಿರಬಹುದು, ಸಂಘಸಂಸ್ಥೆಯವರಿರಬಹುದು. ನಿಮ್ಮ ಕಂಪ್ಯೂಟರಿನಲ್ಲಿರುವ ಒಂದು ಕನ್ನಡ ಕಡತವನ್ನು ತೆರೆಯಿರಿ. ಒಂದು ಸಾಲನ್ನು ಗುರುತು ಮಾಡಿ, ಫಾಂಟನ್ನು ಯಾವುದಾದರೂ ಇಂಗ್ಲಿಷ್ ಫಾಂಟಿಗೆ ಬದಲಾಯಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಆ ಸಾಲಿಗೆ ಬಾಯಿದೆ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಚೆದುರಿದರೆ ಅದು ಮೂಕ. ಅದನ್ನು ಪರಿವರ್ತಿಸಿ ಇಡಿ. ಹೊಸದಾಗಿ ಟೈಪು ಮಾಡುವುದನ್ನಾದರೂ ಯೂನಿಕೋಡಿನಲ್ಲೇ ಮಾಡಿಸಿ. ಯಾರು ಯಾವಾಗ ಕಿವಿಯಿಂದ ಓದಬೇಕಾಗಿ ಬರುತ್ತದೆಯೋ ಯಾರು ಬಲ್ಲರು? ಗ್ಲಾಕೋಮ ಯಾರ ಮನೆಯ ಬಾಗಿಲನ್ನೂ ತಟ್ಟಿ ಕೇಳಿ ಬರುವುದಿಲ್ಲ.

ನಾನು ಶನಿವಾರ ಮಧ್ಯಾಹ್ನಗಳಲ್ಲಿ ಆ ವಾರ್ಷಿಕ ಸಂಚಿಕೆಗಳನ್ನು ಒಂದೊಂದಾಗಿ ಪರಿವರ್ತಿಸಿ ತಿದ್ದುತ್ತಿದ್ದೇನೆ. ಮೂರು ಮುಗಿದಿವೆ, ಐದು ಉಳಿದಿವೆ. ಮುಗಿದ ಮೂರನ್ನೂ ಮೇಷ್ಟ್ರು ಕೇಳಿ ಮುಗಿಸಿ, ಏಳನೆಯ ತರಗತಿಯ ಹುಡುಗಿಯೊಬ್ಬಳ ಪ್ರಬಂಧದಲ್ಲಿ ಅಂದು ತಾವೇ ತಿದ್ದದೆ ಬಿಟ್ಟಿದ್ದ ಎರಡು ಕಾಗುಣಿತದ ತಪ್ಪನ್ನು ಕಿವಿಯಿಂದಲೇ ಹಿಡಿದು ನನಗೆ ಹೇಳಿಕಳಿಸಿದ್ದಾರೆ.